ಅಪೇಕ್ಷಾಳ ಮಡಿ

ಅತ್ತೆ,

ನೀವು ಪೂಜೆಗೆ ಕೂತಿದ್ದೀರಿ, ನನಗೆ ಸಂಡೂರಿನ ಬಸ್ಸಿಗೆ ಹೊತ್ತಾಯಿತು. ಅಪೇಕ್ಷಾ ಎದ್ದ ಕೂಡಲೇ ಹಾಲು ಬಿಸಿ ಮಾಡಿ ಕೊಡಿ.

ಮಧ್ಯಾಹ್ನ ನಿಮ್ಮ ತಮ್ಮ ಮತ್ತೆ ಊಟಕ್ಕೆ ಬರುತ್ತಾರಂತೆ. ದಯವಿಟ್ಟು ಮಗುವನ್ನು ಅವರ ತೊಡೆಯ ಮೇಲೆ ಕೂರಿಸಬೇಡಿ. ದೂರದಿಂದ ನಮಸ್ಕಾರ ಮಾಡಲಿ, ಸಾಕು. ಅವರು ಸಿಟ್ಟಾದರೆ ನನ್ನ ಹೆಸರು ಹೇಳಿ.

ಬೇಡವೆನಿಸಿದರೆ ಗಟ್ಟಿಯಾಗಿ ಹೇಳಬೇಕೆಂದು ಬಾಲವಾಡಿಯ ಟೀಚರ್ ಅವಳಿಗೆ ಕಲಿಸಿದ್ದಾರೆ. ನಿನ್ನೆ ನಿಮ್ಮ ತಮ್ಮ ತೊಡೆಗೆ ಎಳೆದುಕೊಂಡಾಗ ಅವಳು "ಬ್ಯಾಡ" ಅಂದಳು, ಅವರು ಬಿಡಲಿಲ್ಲ. ಆಮೇಲೆ "ನಾ ಮಡಿಯಾಗೀನಿ, ಮುಟ್ಟಬ್ಯಾಡ್ರಿ" ಅಂದಳು. ನೀವೆಲ್ಲ ನಕ್ಕಿರಿ. ನನಗೆ ನಗು ಬರಲಿಲ್ಲ.

ನೀವು ಆ ಮಾತು ಅಂದರೆ ಇಡೀ ಮನೆ ಹಿಂದೆ ಸರಿಯುತ್ತದೆ, ಯಾಕೆ ಅಂತ ಯಾರೂ ಕೇಳುವುದಿಲ್ಲ. ಅದನ್ನು ನೋಡಿಯೇ ಕಲಿತಿದ್ದಾಳೆ. ಇವತ್ತು ನೀವಾದರೂ ಅವಳ ಮಡಿ ಕಾಯಿರಿ.

ಅರ್ಚಿತಾ