ಮೂವತ್ತು ಅಡಿಯೊಳಗೆ

ಮನೆಯಿಂದ, ಗುರುವಾರ
ರಾತ್ರಿ ಎರಡು ಗಂಟೆ ಹತ್ತು ನಿಮಿಷ

ಪಾಪುವಿನ ಅಪ್ಪನಿಗೆ,

ತೊಟ್ಟಿಲ ಪಕ್ಕದ ಸ್ಪೀಕರ್ ಟಿಣಿಂಗ್ ಅಂದಿತು, ಎಚ್ಚರವಾಯಿತು. ಮೊದಲು ನಿಮ್ಮ ಆರೋಗ್ಯ ಕೇಳುತ್ತೇನೆ, ಆಮೇಲೆ ಜಗಳ. ಬೆನ್ನುನೋವು ಹೇಗಿದೆ? ರಾತ್ರಿ ಪಾಳಿಯಲ್ಲಿ ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀರಾ? ಪಾಪುವಿಗೆ ಜ್ವರ ಬಿಟ್ಟಿದೆ, ನನಗೆ ನಿದ್ದೆ ಬಿಟ್ಟಿದೆ. ಕೆಲಸದ ಹೊತ್ತಿನಲ್ಲಿ ನಿಮ್ಮ ಫೋನು ಲಾಕರಿನಲ್ಲಿರುತ್ತದೆ ಅಂತ ಗೊತ್ತು. ಅದಕ್ಕೇ ಕಾಗದದ ಮೇಲೆ ಬರೆದು ಫೋಟೋ ತೆಗೆದು ಕಳಿಸುತ್ತೇನೆ, ನಾಲ್ಕು ಗಂಟೆಯ ಬಿಡುವಿನಲ್ಲಿ ಓದಿಕೊಳ್ಳಿ.

ಆ ಸ್ಪೀಕರ್ ಟಿಣಿಂಗ್ ಅನ್ನುವುದು ಯಾವುದಾದರೂ ಫೋನು ಅದಕ್ಕೆ ಜೋಡಿಯಾದಾಗ ಮಾತ್ರ. ನನ್ನ ಫೋನಿನಲ್ಲಿ ಬ್ಲೂಟೂತ್ ಆಫ್ ಇತ್ತು. ನೀವೂ ನಿಮ್ಮ ಹೊಸ ಫೋನೂ ಇರುವುದು ಒಂದು ರಾತ್ರಿಯ ರೈಲು ಪ್ರಯಾಣದಷ್ಟು ಆಚೆ. ಅಷ್ಟರಲ್ಲಿ ನಿಮ್ಮ ದನಿ ಬಂತು. ಪಾಪು ಹುಟ್ಟಿದ ವಾರ ಹಳೇ ಫೋನಿನಲ್ಲಿ ಹಾಡಿ ಇಟ್ಟಿದ್ದಿರಲ್ಲ, ಅದೇ ಜೋಗುಳ, ನಡುವೆ ಕೆಮ್ಮಿದ್ದೂ ಸೇರಿ. ಆ ಫೋನನ್ನು ಅಂಗಡಿಗೆ ಕೊಟ್ಟೆ ಅಂದಿದ್ದಿರಿ.

ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದ್ದು ಹೀಗೆ ಕೆಲಸಕ್ಕೆ ಬರುತ್ತದೆ ಅಂದುಕೊಂಡಿರಲಿಲ್ಲ. ಬ್ಲೂಟೂತೂ ರೇಡಿಯೋ ಅಲೆಯೇ, ಆದರೆ ಕಸುವು ಕಡಿಮೆ. ಮೂವತ್ತು ಅಡಿ ದಾಟುವಷ್ಟರಲ್ಲಿ ಸೋತುಹೋಗುತ್ತದೆ, ಗೋಡೆ ಅಡ್ಡ ಬಂದರೆ ಇನ್ನೂ ಬೇಗ. ಎರಡು ಯಂತ್ರಗಳು ಒಮ್ಮೆ ಒಂದು ಗುಟ್ಟಿನ ಸಂಖ್ಯೆ ಹಂಚಿಕೊಂಡರೆ ಸಾಕು, ಆಮೇಲೆ ಹತ್ತಿರ ಸಿಕ್ಕಾಗ ಯಾರನ್ನೂ ಕೇಳದೆ ತಾವೇ ಕೂಡಿಕೊಳ್ಳುತ್ತವೆ. ಕೂಡಿದ ಮೇಲೆ ಸೆಕೆಂಡಿಗೆ ನೂರಾರು ಸಲ ಒಂದು ಚಾನೆಲ್ಲಿನಿಂದ ಇನ್ನೊಂದಕ್ಕೆ ಜೊತೆಜೊತೆಯಾಗಿ ಹಾರುತ್ತವೆ, ಮೂರನೆಯವರಿಗೆ ಸುಲಭಕ್ಕೆ ಸುಳಿವು ಸಿಗದ ಹಾಗೆ. ಆಗ ಇದು ಐದು ಅಂಕದ ಪ್ರಶ್ನೆ. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಹೆಗಲ ಮೇಲೆ ಪಾಪು, ಕೈಯಲ್ಲಿ ಸ್ಪೀಕರ್, ಮನೆಯೆಲ್ಲ ಸುತ್ತಿದೆ. ಅಡುಗೆಮನೆಯಲ್ಲಿ ಹಾಡು ತುಂಡುತುಂಡಾಯಿತು, ಹೊರಬಾಗಿಲಲ್ಲಿ ನಿಂತೇಹೋಯಿತು. ಬೀರುವಿನ ಪಕ್ಕದ ಗೋಡೆಗೆ ಹಿಡಿದರೆ ನೀವು ಕಿವಿಯಲ್ಲೇ ಹಾಡಿದಂತೆ. ಆ ಗೋಡೆಯಾಚೆ ಪಕ್ಕದ ಮನೆಯ ನರ್ಸಮ್ಮನ ಮಲಗುವ ಕೋಣೆ. ಬಲ್ಬು ಹಾಕಿಕೊಡಲು ಹೋಗಿದ್ದಿರಲ್ಲ, ಒಂದು ಬಲ್ಬಿಗೆ ಮೂರು ಸಲ, ಅವಳದೇ. ಹಾಡು ನಿಂತು ನಿಂತು ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ಸದ್ದೆಲ್ಲ ಇಲ್ಲಿಗೆ ಬರುತ್ತಿದೆ, ಅಲ್ಲಿ ಅವಳಿಗೆ ಏನೂ ಕೇಳದೆ, ಪಾಪ, ಫೋನು ಕೆಟ್ಟಿತು ಅಂದುಕೊಂಡು ಒತ್ತುತ್ತಿರಬೇಕು. ಅವಳಿಗೆ ಆ ಫೋನು ಕೊಡುವಾಗ ಹಳೇ ಜೋಡಣೆ ಅಳಿಸಲು ನಿಮಗೆ ತೋಚಲಿಲ್ಲ, ಸರಿ. ಹಾಡು ಅಳಿಸಲೂ ತೋಚಲಿಲ್ಲವೇ? ಅವಳ ಮನೆಯಲ್ಲಿ ಮಗುವಿಲ್ಲ. ಜೋಗುಳ ಯಾರನ್ನು ಮಲಗಿಸಲು? ನಾನು ಬಸುರಿಯಾಗಿದ್ದಾಗ ಒಂದು ಹಾಡು ಹೇಳಿ ಅಂದರೆ ಗಂಟಲು ಸರಿಯಿಲ್ಲ ಅಂದಿದ್ದಿರಿ.

ಅತ್ತೆಯವರಿಗೆ ಇದೊಂದೂ ಗೊತ್ತಿಲ್ಲ, ಪಕ್ಕದ ಕೋಣೆಯಲ್ಲಿ ಮಲಗಿದ್ದಾರೆ. ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡಿ.

ಸಿಟ್ಟಿದ್ದರೂ ನಿಮ್ಮವಳೇ ಆದ,
ಪಾಪುವಿನ ಅಮ್ಮ

ಇನ್ನೊಂದು ಮಾತು: ಸ್ಪೀಕರಿನ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಅದು ಎಲ್ಲ ಫೋನುಗಳನ್ನೂ ಮರೆತುಬಿಡುತ್ತದೆ. ಏಳರವರೆಗೆ ಎಣಿಸಿ ಬೆರಳು ತೆಗೆದೆ. ನಾನು ಗಂಟೆಗಟ್ಟಲೆ ತಟ್ಟಿದರೂ ಮಲಗದ ಪಾಪು ನಿಮ್ಮ ಹಾಡಿಗೆ ಮಲಗಿಬಿಟ್ಟಿದೆ. ಬೆಳಗ್ಗೆ ನರ್ಸಮ್ಮ ಬಟ್ಟೆ ಒಣಹಾಕಲು ಬಂದವಳು ಪಾಪುವಿನ ಜ್ವರ ವಿಚಾರಿಸುತ್ತಾಳೆ. ಆಗ ಅವಳ ಮುಖದಲ್ಲಿ ನಾನು ಉತ್ತರ ಹುಡುಕುವಂತಾಗಬಾರದು. ಯಾಕೆ ಕೊಟ್ಟಿರಿ ಅಂತ ನಿಮ್ಮ ಬಾಯಿಂದಲೇ ಕೇಳಬೇಕು. ಬೈದರೂ ಬೈಯಿರಿ. ಬೆಳಗಾಗುವ ಮೊದಲು ಫೋನ್ ಮಾಡಿ, ದಮ್ಮಯ್ಯ.