ಅಕ್ತಾನನನ್ನು ಬೀಳ್ಕೊಟ್ಟ ದಿನ

ಒಮುರ್‌ಬೆಕ್,

ಇವತ್ತು ನಾರಿನ್ ಊರಿನ ನಮ್ಮ ವಸತಿಶಾಲೆಯಲ್ಲಿ ವರ್ಷದ ಕೊನೆಯ ಗಂಟೆ ಬಾರಿಸಿದರು. ಶಾಲೆ ಮುಗಿಸಿದ ಪ್ರತಿ ಹುಡುಗನ ಬಗ್ಗೆಯೂ ಒಬ್ಬ ಮೇಷ್ಟ್ರು ನಾಲ್ಕು ಒಳ್ಳೆಯ ಮಾತಾಡಬೇಕು. ನನ್ನ ಪಾಲಿಗೆ ನಿನ್ನ ಮಗ ಅಕ್ತಾನ್ ಬಂದ. ನೀನು ತೀರಿಕೊಂಡು ಮೂರು ವರ್ಷವಾದರೂ ಅವನೆದುರು ನಿನ್ನ ಹೆಸರೆತ್ತಿರಲಿಲ್ಲ ನಾನು.

ಪಾಪ್ಲರ್ ಮರಗಳಿಂದ ಉದುರಿದ ಹತ್ತಿಯಂಥ ಬಿಳಿ ನವಿರು ಅಂಗಳದ ತುಂಬ ತೇಲುತ್ತಿತ್ತು. ಅದರ ನಡುವೆ ಅವನು ಥೇಟ್ ನಿನ್ನಂತೆಯೇ ಎದ್ದು ನಿಂತಾಗ, ಬರೆದುಕೊಂಡು ಹೋಗಿದ್ದೆಲ್ಲ ಮರೆತೇಹೋಯಿತು.

"ಇವನು ನಿದ್ದೆಯಲ್ಲಿ ಕುದುರೆಗಳನ್ನ ಹೆಸರು ಹಿಡಿದು ಕರೀತಾನೆ. ಪಕ್ಕದ ಮಂಚದವನು ಓಗೊಟ್ಟರೇನೇ ಸುಮ್ಮನಾಗೋದು," ಎಂದುಬಿಟ್ಟೆ.

ಹುಡುಗರು ಗೊಳ್ಳೆಂದು ನಕ್ಕರು. "ಮೇಷ್ಟ್ರೇ, ಇವನದು ಬರೀ ಗೊರಕೆ!"

ಅಕ್ತಾನ್ ನಗಲಿಲ್ಲ. "ಅದು ನಮ್ಮಪ್ಪ," ಎಂದ. "ಇನ್ನೂ ಹೇಳಿ ಮೇಷ್ಟ್ರೇ."

ಸಭೆ ಮುಗಿದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕುಳಿತೆವು. ಇದೇ ಶಾಲೆಯಲ್ಲಿ ನೀನೂ ನಾನೂ ಅಕ್ಕಪಕ್ಕ ಮಲಗುತ್ತಿದ್ದ ಕಾಲವನ್ನೆಲ್ಲ ಹೇಳಿದೆ. ಕನಸು ಕಾಣುವವನಂತೆ ಕೇಳಿದ.

"ಆಮೇಲೆ ನೀವಿಬ್ರೂ ಮಾತು ಬಿಟ್ಟಿದ್ದು ಯಾಕೆ?"

ನೆನಪಿಲ್ಲ ಎಂದೆ.

ನಂಬಿದನೋ ಏನೋ. ಎರಡೂ ಕೈಗಳಿಂದ ನನ್ನ ಕೈಯನ್ನು ಹಿಡಿದುಕೊಂಡು, ಬಹಳ ಹೊತ್ತು ಬಿಡಲೇ ಇಲ್ಲ.

ತುರಾತ್