ಧಕ್ಕೆಯಲ್ಲಿ ಅಮೋನಿಯಾ ಪಾಠ

ಪ್ರೀತಿಯ ವಿಜ್ಞಾನದ ಅಕ್ಕೋರೇ,

ನಿಮಗೆ ಹೇಳದೆ ಇರಲಿಕ್ಕೆ ಆಗುತ್ತಿಲ್ಲ. ನೀವು ತೀರಿಹೋಗಿ ಒಂದು ಮಳೆಗಾಲ ಕಳೆಯಿತು. ಆದರೂ ಶನಿವಾರ ಸುದ್ದಿ ತಿಳಿದ ಕೂಡಲೇ ಫೋನ್ ತೆಗೆದು ನಿಮ್ಮ ಹೆಸರನ್ನೇ ಹುಡುಕಿದೆ. ಆಮೇಲೆ ನೆನಪಾಯಿತು... ಇರಲಿ, ಬರೆದಾದರೂ ಹೇಳುತ್ತೇನೆ.

ಅಂಕೋಲೆಯ ಹೈಸ್ಕೂಲಿನಲ್ಲಿ ನೀವು ನಮಗೆ ಅಮೋನಿಯಾ ತಯಾರಿಸಿ ತೋರಿಸಿದ ದಿನ ನೆನಪಿದೆಯೇ? ನವಸಾಗರಕ್ಕೆ ಸುಣ್ಣ ಬೆರೆಸಿ ಕಾಯಿಸುತ್ತಿದ್ದಿರಿ. ನನ್ನ ಪಕ್ಕದಲ್ಲಿದ್ದ ಸುಮನಾ ಪ್ರನಾಳಕ್ಕೆ ಮೂಗು ಹಚ್ಚಲು ಬಗ್ಗಿದಳು. "ಏ ಹುಡುಗಿ, ಅದೇನು ಬಂಗಡೆ ಮೀನಿನ ಸಾರನೇ, ಮೂಗು ಒಳಗೆ ಹಾಕೂಕೆ?" ಎಂದಿರಿ ನೀವು. ಕ್ಲಾಸೆಲ್ಲ ನಕ್ಕಿತ್ತು. ಕೈಯಿಂದ ಗಾಳಿ ಬೀಸಿ ಒಂದಿಷ್ಟೇ ವಾಸನೆ ಮೂಗಿನತ್ತ ತರಿಸಿಕೊಳ್ಳುವುದನ್ನು ಆಗ ಕಲಿಸಿದಿರಿ. ಕಿಟಕಿ ತೆಗೆಸಿ, ಗಾಳಿ ಬರುವ ಕಡೆಗೇ ನಮ್ಮನ್ನು ನಿಲ್ಲಿಸಿದಿರಿ. "ಗ್ಯಾಸಿನ ಹೆಸರು ಮರೆತರೂ ಅಡ್ಡಿಲ್ಲ, ಗಾಳಿಯ ದಿಕ್ಕು ಮರೀಬೇಡಿ" ಎಂದಿರಿ.

ಈಗ ನಾನು ಕಲಿಸುವ ಕಾರವಾರದ ಶಾಲೆಯಲ್ಲಿ ಕಳೆದ ಗುರುವಾರ ಒಂಬತ್ತನೇ ಕ್ಲಾಸಿಗೆ ನಾನು ಅದೇ ಪಾಠ ಮಾಡಿದೆ. ಅರಿಶಿನದ ಕಾಗದ ಕೆಂಪಾದದ್ದು ಕಂಡು ಕುಣಿದವಳು ನಿಶಾ. ಅವಳ ತಾಯಿ ಬೈತಖೋಲ ಬಂದರಿನಲ್ಲಿ, ಬೋಟುಗಳು ನಿಲ್ಲುವ ಧಕ್ಕೆಯ ಮೇಲೆ ಮೀನು ಮಾರುತ್ತಾಳೆ. "ಅಕ್ಕೋರೇ, ಐಸ್ ಫ್ಯಾಕ್ಟರೀಲೂ ಇದೇ ಗ್ಯಾಸ್ ಇರ್ತದಂತೆ. ಸೋರಿದ್ರೆ ಎಂತ ಮಾಡೂದು?" ಗಂಟೆ ಹೊಡೆದರೂ ಬಿಡಲೊಲ್ಲಳು! ನೀರಿನಲ್ಲಿ ಅದು ಬೇಗ ಕರಗುತ್ತದೆ, ಹಾಗಾಗಿ ಒದ್ದೆ ಬಟ್ಟೆ ಮೂಗಿಗೆ ಹಿಡಿಯಬೇಕು. ಸೋರುವ ಜಾಗದಿಂದ ಅಡ್ಡ ಸರಿದು, ಗಾಳಿ ಬರುವ ಕಡೆಗೆ ಹೋಗಬೇಕು ಎಂದೆ. ಇಷ್ಟು ಬೇಗ ಅದು ಬೇಕಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಶನಿವಾರ ಶಾಲೆ ಬಿಟ್ಟ ಮೇಲೆ ನಿಶಾ ತಾಯಿಗೆ ಊಟ ಕೊಡಲು ಧಕ್ಕೆಗೆ ಹೋಗಿದ್ದಳು. ಪಕ್ಕದ ಐಸ್ ಫ್ಯಾಕ್ಟರಿಯ ಪೈಪು ಸೋರಿತು. ಕಣ್ಣುರಿ, ಕೆಮ್ಮು, ಕೂಗಾಟ. ಜನರೆಲ್ಲ ರಸ್ತೆಯತ್ತ ಓಡಿದರು. ನಿಶಾ ಮಾತ್ರ ತಲೆಯೆತ್ತಿ ಬೋಟಿನ ಬಾವುಟ ನೋಡಿದಳಂತೆ. ಅಕ್ಕೋರೇ, ಬಾವುಟಗಳೆಲ್ಲ ರಸ್ತೆಯ ಕಡೆಗೇ ಹಾರುತ್ತಿದ್ದವು! ಅಂದರೆ ಗ್ಯಾಸೂ ಅತ್ತಲೇ...

"ಆಯೀ, ರಸ್ತೆ ಬ್ಯಾಡ! ಧಕ್ಕೆ ತುದಿಗೆ ನಡಿ! ಸೆರಗು ಒದ್ದೆ ಮಾಡ್ಕೋ!"

"ಅಲ್ಲಿ ಹೋಗಿ ಸಮುದ್ರಕ್ಕೆ ಹಾರೂದನೇ?" ಎಂದಳಂತೆ ತಾಯಿ.

"ಗಾಳಿ ಅಲ್ಲಿಂದ ಬರ್ತದೆ, ಆಯೀ!"

ತಾಯಿ ಒಮ್ಮೆ ಮಗಳ ಮುಖ ನೋಡಿದಳು. ಸೆರಗನ್ನು ಐಸು ಕರಗಿದ ನೀರಿನಲ್ಲಿ ಅದ್ದಿ ಮೂಗಿಗೆ ಹಿಡಿದು, ಉಳಿದ ಹೆಂಗಸರನ್ನೂ ಕೂಗಿ ಕರೆದಳು. ಎಲ್ಲರೂ ಧಕ್ಕೆಯ ತುದಿ ಸೇರಿದರು. ಕುಸುಮಜ್ಜಿ ಎಂಬ ಮುದುಕಿಗೆ ಕಣ್ಣು ಬಿಡಲೇ ಆಗುತ್ತಿರಲಿಲ್ಲ. ಬೋಟಿನ ಡ್ರಮ್ಮಿನಲ್ಲಿದ್ದ ಕುಡಿಯುವ ನೀರು ತೆಗೆದು ನಿಶಾ ಅಜ್ಜಿಯ ಕಣ್ಣು ತೊಳೆದೇ ತೊಳೆದಳು. ಅಜ್ಜಿ "ಸಾಕು ಬಿಡೇ" ಎಂದು ಬೈದರೂ ನಿಲ್ಲಿಸಲಿಲ್ಲ. ಹಾಗೆ ತೊಳೆದದ್ದಕ್ಕೇ ಕಣ್ಣು ಉಳಿಯಿತು ಎಂದರಂತೆ ಡಾಕ್ಟರು. ಅಗ್ನಿಶಾಮಕದವರು ಬಂದು ನೀರು ಹಾಯಿಸಿ ವಾಲ್ವ್ ಬಂದ್ ಮಾಡಿದರು. ರಸ್ತೆಯತ್ತ ಓಡಿದವರಲ್ಲಿ ಕೆಲವರು ಆಸ್ಪತ್ರೆ ಸೇರಿದರು. ಸದ್ಯ, ಎಲ್ಲರೂ ಮನೆಗೆ ಬಂದಿದ್ದಾರೆ.

ಸೋಮವಾರ ನಿಶಾಳ ತಾಯಿ ಶಾಲೆಗೆ ಬಂದಳು. ಹೊಗಳಿಕೆ ಕೇಳಲು ಬಂದಳೇನೋ ಎಂದುಕೊಂಡೆ. ಬಾಗಿಲಲ್ಲೇ ನಿಂತು, "ಅಕ್ಕೋರೇ, ನಾ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ನಮಗೂ ಒಂದಿನ ಈ ಗ್ಯಾಸಿನ ಪಾಠ ಮಾಡ್ತ್ರಿ?" ಎಂದಳು. ನೀವಿದ್ದಿದ್ದರೆ...

ಹೆಡ್ ಮಾಸ್ತರು ಒಪ್ಪಿದ್ದಾರೆ. ಈ ಭಾನುವಾರ ಧಕ್ಕೆಯ ಹೆಂಗಸರೆಲ್ಲ ನಮ್ಮ ಲ್ಯಾಬಿಗೆ ಬರುತ್ತಾರೆ! ಪ್ರಯೋಗದ ಹೊತ್ತಿಗೆ ಕಣ್ಣಿಗೆ ಹಾಕುವ ಕನ್ನಡಕ ಸಾಲದೆಂದು ಬೇರೆ ಶಾಲೆಯಿಂದಲೂ ತರಿಸಿದ್ದೇನೆ. ಪಾಠ ಮಾಡುವವಳು ನಾನಲ್ಲ, ನಿಶಾ. ಅವಳ ತಾಯಿ ಆಗಲೇ ಬಂದು ಲ್ಯಾಬೆಲ್ಲ ತಿರುಗಿ ನೋಡಿ, ಒಂದು ಸ್ಟೂಲಿನ ಮೇಲೆ ಕೈಯಿಟ್ಟು ಹೇಳಿ ಹೋಗಿದ್ದಾಳೆ: "ಇದು ನಂದು. ಯಾರಿಗೂ ಕೊಡಬ್ಯಾಡಿ."

ನಿಮ್ಮ ವಿದ್ಯಾರ್ಥಿನಿ,
ಸವಿತಾ